ಅಂಗಡಿ ಗೋಡೆಯ ಹಳೆಯ ಛಾಯಾಚಿತ್ರ: ಓದುವ ಬಗೆ, ಉಳಿಸುವ ಬಗೆ

ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರದ ಹಳೆಯ ಅಂಗಡಿಗಳಲ್ಲಿ ದೇವರ ಪಟದ ಪಕ್ಕದಲ್ಲಿ ಹಿರಿಯರ ಕಪ್ಪು-ಬಿಳುಪು ಛಾಯಾಚಿತ್ರವೊಂದು ಇರುವುದು ಸಾಮಾನ್ಯ. ಅಂಗಡಿಯನ್ನು ನವೀಕರಿಸುವಾಗ ಅದು ಅಟ್ಟ ಸೇರಿ, ಕ್ರಮೇಣ ಗೆದ್ದಲಿನ ಪಾಲಾಗುತ್ತದೆ. ದೇಗುಲಗಳ ಚಿತ್ರಗಳನ್ನು ಉಳಿಸಲು ಸರ್ಕಾರವಿತ್ತು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರ ಸಚಿತ್ರ ಪುಸ್ತಕವು 1917ರಲ್ಲಿಯೇ ಪ್ರಕಟವಾಯಿತು. ಸಂತೆ, ಮಂಡಿ, ಎತ್ತಿನ ಗಾಡಿಗಳ ನಿತ್ಯಜೀವನದ ಚಿತ್ರಗಳನ್ನು ಉಳಿಸುವ ಹೊಣೆ ಮಾತ್ರ ವರ್ತಕರಾದ ನಮ್ಮದೇ.

ಚಿತ್ರದ ಕಾಲವನ್ನು ನಿರ್ಣಯಿಸುವುದು ಮೊದಲ ಪಾಠ. ಕಪಿಲಾ ನದಿಗೆ ನಂಜನಗೂಡಿನಲ್ಲಿ ಕಲ್ಲಿನ ಸೇತುವೆ ನಿರ್ಮಾಣವಾದುದು 1735ರಲ್ಲಿ. ಮೈಸೂರಿನಿಂದ ಅಲ್ಲಿಗೆ ರೈಲು ಬಂದುದು 1891ರಲ್ಲಿ. ಆದುದರಿಂದ ಸೇತುವೆಯ ಮೇಲೆ ಹಳಿ ಕಂಡರೆ ಆ ಚಿತ್ರ 1891ಕ್ಕಿಂತ ಹಿಂದಿನದಲ್ಲ. ಬೆಲೆಪಟ್ಟಿಯಲ್ಲಿ ಆಣೆ ಇದ್ದರೆ ಅದು ಬಹುತೇಕ 1957ರ ಏಪ್ರಿಲ್‌ಗೆ ಮೊದಲಿನದು. ‘ನಯಾ ಪೈಸೆ’ ಇದ್ದರೆ 1957ರಿಂದ 1964ರ ಅವಧಿಯದು. ಚೀಟಿಯ ಮೇಲೆ ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ನಾಮಫಲಕದಲ್ಲಿ ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರ್ ನಂತರದ್ದೆಂದು ತಿಳಿಯಬಹುದು.

ಎರಡನೆಯದಾಗಿ, ವ್ಯಕ್ತಿಗಳ ಹಿಂದಿರುವುದನ್ನು ನೋಡಬೇಕು. ತಕ್ಕಡಿ, ಸೇರು, ಮೂಟೆಯ ಮೇಲಿನ ಗುರುತು, ಬಾಳೆಗೊನೆ, ರೇಷ್ಮೆಗೂಡಿನ ಬುಟ್ಟಿ, ಇವೆಲ್ಲವೂ ಆ ಕಾಲದ ವಹಿವಾಟಿಗೆ ಸಾಕ್ಷಿ. ರೈಲು ಮಾರ್ಗವಿಲ್ಲದ ನರಸೀಪುರದ ಚಿತ್ರದಲ್ಲಿ ಗಾಡಿಗಳ ಸಾಲು ಕಂಡರೆ, ಸರಕು ಸಾಗಿಸುತ್ತಿದ್ದ ರೀತಿಯೇ ನಮ್ಮ ಕಣ್ಣ ಮುಂದೆ ಬರುತ್ತದೆ.

ಇದು ಕೇವಲ ನೆನಪಿನ ಮಾತಲ್ಲ, ವ್ಯಾಪಾರದ ಹಿತವೂ ಹೌದು. ನಂಜನಗೂಡು ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಂತಹ ಅರ್ಜಿಯಲ್ಲಿ ಸರಕಿನ ಮೂಲವನ್ನು ಐತಿಹಾಸಿಕ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಸೊರಗು ರೋಗದಿಂದ ರಸಬಾಳೆಯ ತೋಟಗಳು ಕುಗ್ಗಿರುವಾಗ ಹಳೆಯ ತೋಟ-ಮಂಡಿಗಳ ಚಿತ್ರಗಳಿಗೆ ಇನ್ನಷ್ಟು ಬೆಲೆಯಿದೆ. ಹಾಗೆಯೇ, 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 34ನೇ ಪ್ರಕರಣವು ಒಂದು ಹೆಸರನ್ನು ಮೊದಲಿನಿಂದಲೂ ನಿರಂತರವಾಗಿ ಬಳಸುತ್ತ ಬಂದವರಿಗೆ ರಕ್ಷಣೆ ನೀಡುತ್ತದೆ. ನಂತರ ಬಂದವರು ಅದೇ ಹೆಸರನ್ನು ನೋಂದಾಯಿಸಿಕೊಂಡು ತಕರಾರು ತೆಗೆದರೆ, ಹಳೆಯ ಬಳಕೆಯನ್ನು ರುಜುವಾತುಪಡಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಆಗ ಅಂಗಡಿಯ ಫಲಕ ಕಾಣುವ ಚಿತ್ರ, ಅದೇ ಕಾಲದ ರಸೀತಿ ಮತ್ತು ಚೀಟಿಗಳು ಒಂದಕ್ಕೊಂದು ಪೂರಕವಾಗಿ ನಿಲ್ಲುತ್ತವೆ.

ಉಳಿಸಲು ಹೆಚ್ಚಿನ ವೆಚ್ಚ ಬೇಕಿಲ್ಲ. ಚಿತ್ರವನ್ನು ಬಿಸಿಲು ಮತ್ತು ತೇವದ ಗೋಡೆಯಿಂದ ದೂರವಿಡಿ. ಗಾಜಿಗೆ ಅಂಟಿದ್ದರೆ ಕೀಳದೆ, ಗಾಜಿನ ಸಮೇತವೇ ಪ್ರತಿ ತೆಗೆಸಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಮೂಲ ಚಿತ್ರವನ್ನು ಬಿಡಿಸಲಾಗದು. ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಎರಡು ಕಡೆ ಇರಿಸಿ. ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸ್ಥಳ, ಸಂದರ್ಭ, ಅಂದಾಜು ವರ್ಷ ಹಾಗೂ ಹೇಳಿದವರ ಹೆಸರನ್ನು ಬರೆಯಿರಿ.

ಈ ಕೊನೆಯ ಕೆಲಸವೇ ಅತ್ಯಂತ ತುರ್ತಿನದು. ಚಿತ್ರ ಇನ್ನೂ ಕೆಲವು ದಶಕ ಉಳಿದೀತು. ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ನಮ್ಮೊಡನೆ ಅಷ್ಟು ಕಾಲ ಇರಲಾರರು. ಈ ವಾರವೇ ಚಿತ್ರವನ್ನು ಕೆಳಗಿಳಿಸಿ, ಅವರ ಮುಂದಿಟ್ಟು ಕೇಳಿ ಬರೆದುಕೊಳ್ಳುವುದು ಒಳಿತು.