ಹತ್ತನೇತ್ತೆಗೆ ಇನ್ನೊಂದು ದಾರಿ

ನಮ್ಮ ಮಾಳಮಡ್ಡಿ ಬಡಾವಣೆಯಲ್ಲಿ ಶಾಲೆಗಳಿಗೆ ಬರವಿಲ್ಲ. ಆದರೂ ಗ್ಯಾರೇಜಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಹೊಲಿಗೆ ಮಷಿನ್ ಮುಂದೆ ಅರ್ಧಕ್ಕೇ ಶಾಲೆ ಬಿಟ್ಟ ಮಕ್ಕಳಿದ್ದಾರೆ. "ಸರ್, ಮಗಳಿಗೆ ಹದಿನೇಳು ಆತ್ರಿ, ಇನ್ನ ಹತ್ತನೇತ್ತೆ ಮಾಡಾಕ ಬರ್ತದೇನ್ರಿ?" ಎಂದು ಕೇಳುವ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖಂಡಿತ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕೈಹಿಡಿಯುವುದು ಮುಕ್ತ ಶಾಲೆ. ಸಿಬಿಎಸ್‌ಇ 1979ರಲ್ಲಿ ಪ್ರಯೋಗವಾಗಿ ಆರಂಭಿಸಿದ ಈ ಕೆಲಸ 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಈಗ ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಚಿಕ್ಕದಾಗಿ ಎನ್‌ಐಒಎಸ್.

14 ತುಂಬಿದ ಯಾರು ಬೇಕಾದರೂ ಇಲ್ಲಿ ಹತ್ತನೇತ್ತೆಗೆ ಹೆಸರು ನೋಂದಾಯಿಸಬಹುದು. ಪಾಸಾಗಲು ಐದು ವಿಷಯ ಸಾಕು; ಅದರಲ್ಲಿ ಒಂದು ಭಾಷೆ ಇರಲೇಬೇಕು. ಗಣಿತ ಕಡ್ಡಾಯವಲ್ಲ. ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥ ವಿಷಯಗಳೂ ಇವೆ. ಆದರೆ ಗಣಿತದ ಭಯಕ್ಕೆ ಅದನ್ನು ಬಿಡುವ ಮುನ್ನ ಒಮ್ಮೆ ಯೋಚಿಸಿ. ಮುಂದೆ ಪಿಯುಸಿ ವಿಜ್ಞಾನ ಅಥವಾ ಡಿಪ್ಲೊಮಾದ ಆಸೆಯಿದ್ದರೆ ಗಣಿತ, ವಿಜ್ಞಾನ ಎರಡೂ ಬೇಕು.

ನನಗೆ ಅತ್ಯಂತ ಮೆಚ್ಚುಗೆಯಾಗುವುದು ಪರೀಕ್ಷೆಯ ಪದ್ಧತಿ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ ನಡೆಯುತ್ತದೆ. ನೋಂದಣಿ ಐದು ವರ್ಷ ಊರ್ಜಿತ, ಒಟ್ಟು ಒಂಬತ್ತು ಅವಕಾಶ. ಗ್ಯಾರೇಜಿನ ಹುಡುಗ ಈ ಸಲ ಕನ್ನಡ, ಡೇಟಾ ಎಂಟ್ರಿ ಎರಡನ್ನೇ ಬರೆದು ಪಾಸಾದ ಅನ್ನಿ, ಆ ಅಂಕ ಹಾಗೇ ಜಮಾ ಇರುತ್ತದೆ. ಉಳಿದ ಮೂರನ್ನು ಆಮೇಲೆ ಬರೆಯಬಹುದು. ಒಂದೇ ಏಟಿಗೆ ಐದೂ ಕಟ್ಟುವವರಿಗೆ ನಾನು ಬೇಡವೆನ್ನುತ್ತೇನೆ. ದಿನವಿಡೀ ದುಡಿದು ಬಂದವರು ಒಂದೂ ಓದಲಾಗದೆ ಕೈಚೆಲ್ಲುತ್ತಾರೆ. ಟಿಎಂಎ ಎನ್ನುವ ಮನೆಯಲ್ಲೇ ಬರೆಯುವ ಪ್ರಶ್ನೋತ್ತರಕ್ಕೆ ಶೇ. 20 ಅಂಕವಿದೆ. ಇನ್ನೊಬ್ಬರದನ್ನು ನಕಲು ಮಾಡದೆ ಪುಸ್ತಕ ತೆರೆದು ಸ್ವಂತ ಬರೆದರೆ ಪರೀಕ್ಷೆಯ ಅರ್ಧ ತಯಾರಿ ಅಲ್ಲೇ ಮುಗಿಯುತ್ತದೆ.

ಪೂರ್ತಿ ಕನ್ನಡ ಮಾಧ್ಯಮದಲ್ಲೇ ಓದಬೇಕೆನ್ನುವವರಿಗೆ ರಾಜ್ಯದ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ. ಅದಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. "ಪರೀಕ್ಷೆ ಬರೆಯೋದೇ ಬ್ಯಾಡ, ಸರ್ಟಿಫಿಕೇಟ್ ಕೊಡಸ್ತೀವಿ" ಎನ್ನುವವರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಇವತ್ತೇ ಮಗಳ ಜನನ ಪ್ರಮಾಣಪತ್ರ, ಆಧಾರ್, ಹಳೆಯ ಶಾಲೆಯ ದಾಖಲೆ ಹುಡುಕಿ ತೆಗೆಯಿರಿ. ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇವೆಯೇ ನೋಡಿ. ಬೇರೆಯಾಗಿದ್ದರೆ ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳಿ.