ಬೇಸಿಕ್ಕೋ, ಸ್ಟ್ಯಾಂಡರ್ಡೋ?

ತಾಯಿ, ಬೇಸಿಕ್ ಗಣಿತ ತೆಗೆದುಕೊಂಡರೆ ಮಗಳನ್ನು ಜನ ದಡ್ಡಿ ಅಂದುಕೊಂಡಾರು ಎಂದು ಹೆದರಬೇಡಿ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ 2020ರಿಂದ ಎರಡಾಗಿರುವುದು ವಾರ್ಷಿಕ ಪರೀಕ್ಷೆಯ ಗಣಿತ ಪ್ರಶ್ನೆಪತ್ರಿಕೆ ಮಾತ್ರ: ಸುಲಭದ್ದು ಬೇಸಿಕ್, ಕಷ್ಟದ್ದು ಸ್ಟ್ಯಾಂಡರ್ಡ್. ಪಾಠ, ಪುಸ್ತಕ, ಆಂತರಿಕ ಮೌಲ್ಯಮಾಪನ ಎಲ್ಲ ಒಂದೇ. ತ್ರಿಕೋನಮಿತಿ, ವರ್ಗ ಸಮೀಕರಣಗಳನ್ನು ಹೇಗಿದ್ದರೂ ಕಲಿಯಲೇಬೇಕು.

ಎಂಜಿನಿಯರಿಂಗ್ ಆಸೆಯಿದ್ದರೆ ಸ್ಟ್ಯಾಂಡರ್ಡ್ ಬರೆಯಲಿ. ಕಲೆ, ಕಾನೂನು, ಪತ್ರಿಕೋದ್ಯಮದ ಕಡೆ ಒಲವಿದ್ದರೆ ಬೇಸಿಕ್ ಸಾಕು. ಬೇಸಿಕ್ ಪಾಸಾದ ಮೇಲೆ ಮನಸ್ಸು ಬದಲಾದರೆ ಕಂಪಾರ್ಟ್‌ಮೆಂಟ್ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆಯಲು ಮಂಡಳಿ ಮೊದಲು ಅವಕಾಶ ಇಟ್ಟಿತ್ತು; ಈಗಿನ ನಿಯಮವನ್ನು ಶಾಲೆಯಲ್ಲಿ ಕೇಳಿಕೊಳ್ಳಿ. ಪಿಯುಸಿಗೆ ಸೇರಿಸುವುದಾದರೆ ಬೇಸಿಕ್ ನಡೆಯುತ್ತದೆಯೇ ಎಂದು ಆ ಕಾಲೇಜಿನಲ್ಲಿ ಈಗಲೇ ವಿಚಾರಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಮಾತು: ಏಳನೇ ತರಗತಿವರೆಗೆ ಲೆಕ್ಕವೆಂದರೆ ಇಷ್ಟಪಡುತ್ತಿದ್ದವಳು ಬೀಜಗಣಿತ ಶುರುವಾದ ಮೇಲೆ ಪುಸ್ತಕವನ್ನೇ ಮುಟ್ಟುವುದಿಲ್ಲ ಅಂದಿರಿ. ಇಂಥ ಮಕ್ಕಳಲ್ಲಿ ತೊಡಕು ಎಷ್ಟೋ ಸಲ ಬೀಜಗಣಿತದ್ದಾಗಿರುವುದಿಲ್ಲ, ಭಿನ್ನರಾಶಿ ಮತ್ತು ಋಣ ಸಂಖ್ಯೆಗಳದ್ದಾಗಿರುತ್ತದೆ. ಮೈನಸ್ ಚಿಹ್ನೆ ತಪ್ಪಿದರೆ ಇಡೀ ಸಮೀಕರಣ ತಪ್ಪುತ್ತದೆ, ಮಗು ತನಗೆ ತಲೆಯೇ ಇಲ್ಲ ಅಂದುಕೊಳ್ಳುತ್ತದೆ. ಟ್ಯೂಷನ್ನಿಗೆ ಕಳಿಸುವ ಮುನ್ನ ಆರು, ಏಳನೇ ತರಗತಿಯ ಆ ಎರಡು ಅಧ್ಯಾಯಗಳನ್ನು ಅವಳ ಜೊತೆ ಕೂತು ಮಾಡಿಸಿ. ಬೈಯದೆ ಮಾಡಿಸಿ. ಶಾಲೆಯವರು ಮಂಡಳಿಗೆ ವಿದ್ಯಾರ್ಥಿಗಳ ಪಟ್ಟಿ ಕಳಿಸುವ ಮೊದಲು, ಬೇಸಿಕ್ಕೋ ಸ್ಟ್ಯಾಂಡರ್ಡೋ, ಯಾವುದು ಬೇಕೆಂದು ಅವಳನ್ನೇ ಕೇಳಿ.