ಯಂತ್ರದೊಳಗಣ ಯಂತ್ರಕ್ಕೆ ಒಬ್ಬ ಪರೀಕ್ಷಕ

ತಕ್ಕಡಿಯು ಸರಿಯಾಗಿದೆಯೆಂದು ತಿಳಿಯುವ ಬಗೆ ಹೇಗೆ? ತಟ್ಟೆಗಳೆರಡೂ ಬರಿದಾಗಿರುವಾಗ ದಂಡವು ಸಮವಾಗಿ ನಿಂತಿತೆಂಬುದು ಸಾಕ್ಷ್ಯವಾಗಲಾರದು. ಕೀಲು ತುಕ್ಕು ಹಿಡಿದು ಅಲುಗಾಡದೆ ಹೋದ ತಕ್ಕಡಿಯೂ ಹಾಗೆಯೇ ನಿಲ್ಲುತ್ತದೆ. ಆದುದರಿಂದಲೇ ತೂಕ ಅಳತೆಗಳ ಅಧಿಕಾರಿಯು ಅಂಗಡಿಗೆ ಬರುವಾಗ, ಇಷ್ಟೇ ತೂಗಬೇಕೆಂದು ಮೊದಲೇ ನಿಶ್ಚಯವಾಗಿರುವ ಮುದ್ರೆಯೊತ್ತಿದ ತೂಕದ ಬಟ್ಟುಗಳನ್ನು ತರುತ್ತಾನೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ಬಟ್ಟುಗಳುಂಟು. ಅವನ್ನು ಎಲ್ಲಿ ಇಡುತ್ತಾರೆ, ಅವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಒಂದು ಗಣಕಯಂತ್ರದೊಳಗೆ ಕ್ರಮವಿಧಿಯ ರೂಪದಲ್ಲಿಯೇ ಮತ್ತೊಂದು ಗಣಕಯಂತ್ರವನ್ನು ನಿರ್ಮಿಸಬಹುದು. ಈ ಒಳಯಂತ್ರಕ್ಕೆ ತಂತಿಯಿಲ್ಲ, ತಗಡಿಲ್ಲ. ಅದರ ಸ್ಮೃತಿಯೂ ಗಡಿಯಾರವೂ ಹೊರಯಂತ್ರವು ನಡೆಸುವ ಲೆಕ್ಕಗಳು ಮಾತ್ರ. ನಿಜಯಂತ್ರವು ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸುವುದರಿಂದ ಇದನ್ನು ಎಮ್ಯುಲೇಟರ್, ಅಂದರೆ ಅನುಕರಣಯಂತ್ರ, ಎನ್ನುವರು. ೧೯೬೪ರಲ್ಲಿ ಐ.ಬಿ.ಎಂ. ಕಂಪೆನಿಯು ತನ್ನ ಸಿಸ್ಟಂ ೩೬೦ ಯಂತ್ರಗಳನ್ನು ಪ್ರಕಟಿಸಿದಾಗ, ಹಳೆಯ ೧೪೦೧ ಯಂತ್ರಕ್ಕೆಂದು ಗ್ರಾಹಕರು ಬರೆದಿಟ್ಟಿದ್ದ ಕ್ರಮವಿಧಿಗಳು ವ್ಯರ್ಥವಾಗಬಾರದೆಂದು ಈ ಉಪಾಯವನ್ನೇ ಅವಲಂಬಿಸಿತು. ಇಂದು ಬಹುಮಂದಿ ಬಳಸುವ ಕ್ಯೂಎಮು ಎಂಬ ಅನುಕರಣಯಂತ್ರವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬುವರು ೨೦೦೩ರಲ್ಲಿ ಹೊರತಂದರು. ಅದನ್ನು ಯಾರು ಬೇಕಾದರೂ ಹಣ ತೆರದೆ ಪಡೆದು, ಅದರ ಒಳಗಣ ಬರಹವನ್ನೋದಿ ತಿದ್ದಬಹುದು. ನಮ್ಮಂತಹ ಬಡಶಾಲೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಸಾಮಾನ್ಯವಾದ ಕ್ರಮವಿಧಿಯು ತನ್ನ ಕೆಲಸ ಮುಗಿದೊಡನೆ, ತನ್ನ ಕೆಳಗಿರುವ ಕಾರ್ಯಾಚರಣ ವ್ಯವಸ್ಥೆಗೆ ಒಂದು ಸಂಖ್ಯೆಯನ್ನು ಒಪ್ಪಿಸಿ ನಿರ್ಗಮಿಸುತ್ತದೆ. ಸೊನ್ನೆಯಾದರೆ ಎಲ್ಲವೂ ಕ್ಷೇಮ, ಬೇರೆ ಸಂಖ್ಯೆಯಾದರೆ ಏನೋ ತಪ್ಪಾಗಿದೆ ಎಂದು ಸಂಕೇತ. ಆದರೆ ನಾವು ಪರೀಕ್ಷಿಸಬೇಕಾದದ್ದು ಕಾರ್ಯಾಚರಣ ವ್ಯವಸ್ಥೆಯನ್ನೇ ಆಗಿದ್ದರೆ? ಆಳುಗಳು ಯಜಮಾನನಿಗೆ ವರದಿ ಒಪ್ಪಿಸುವರು. ಯಜಮಾನನು ಯಾರಿಗೆ ಒಪ್ಪಿಸಬೇಕು? ಅವನ ಕೆಳಗೆ ಬರಿಯ ಯಂತ್ರವಿದೆ. ಪರೀಕ್ಷೆ ಮುಗಿದ ಮೇಲೆ ಅವನು ಸುಮ್ಮನೆ ನಿಂತುಬಿಡುತ್ತಾನೆ. ಮುಗಿಸಿ ನಿಂತನೋ, ನಡುವೆ ಸಿಕ್ಕಿಕೊಂಡು ನಿಂತನೋ ಎಂಬುದು ಹೊರಗಿನವರಿಗೆ ತಿಳಿಯದು. ಪರೀಕ್ಷೆ ಒಂದೇ ಆಗಿದ್ದರೆ ಯಾರಾದರೂ ಪರದೆಯ ಮುಂದೆ ಕುಳಿತು ನೋಡಿಯಾರು. ಚಿಕ್ಕ ಚಿಕ್ಕ ಘಟಕಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವ ನೂರಾರು ಪರೀಕ್ಷೆಗಳು ಪ್ರತಿ ತಿದ್ದುಪಡಿಯ ನಂತರವೂ ನಡೆಯಬೇಕಾದರೆ ಮನುಷ್ಯನ ಕಣ್ಣು ಸಾಲದು.

ಇದಕ್ಕೆ ಪರಿಹಾರವಾಗಿ, ಒಳಯಂತ್ರಕ್ಕೆ ಯಾವ ನಿಜವಾದ ಯಂತ್ರದಲ್ಲಿಯೂ ಇಲ್ಲದ ಒಂದು ಕಲ್ಪಿತ ಸಾಧನವನ್ನು ಜೋಡಿಸುತ್ತಾರೆ. ಕೀಲಿಮಣೆಯಾಗಲಿ ಮುದ್ರಕವಾಗಲಿ ಸಂಸ್ಕಾರಕದ ದೃಷ್ಟಿಯಲ್ಲಿ ಕೆಲವು ವಿಳಾಸಗಳು ಮಾತ್ರ: ಇಂತಹ ವಿಳಾಸದಿಂದ ಓದಿದರೆ ಒಂದು ಸಂಖ್ಯೆ ಬರುತ್ತದೆ, ಇಂತಹ ವಿಳಾಸಕ್ಕೆ ಬರೆದರೆ ಏನೋ ಒಂದು ಕಾರ್ಯ ನಡೆಯುತ್ತದೆ. ಆದುದರಿಂದ ಅನುಕರಣಯಂತ್ರಕ್ಕೆ ಹೊಸ ಸಾಧನವನ್ನು ಸೇರಿಸುವವನು ಬೇರೆ ಯಾರೂ ಬಳಸದ ವಿಳಾಸಗಳನ್ನು ಆರಿಸಿಕೊಂಡು, ಓದಿದಾಗ ಏನಾಗಬೇಕು, ಬರೆದಾಗ ಏನಾಗಬೇಕು ಎಂಬ ಎರಡು ವಿಧಿಗಳನ್ನು ಬರೆದು, ಅವಕ್ಕೊಂದು ಹೆಸರಿಟ್ಟು ದಾಖಲಿಸಿದರೆ ಮುಖ್ಯವಾದ ಕೆಲಸ ಮುಗಿಯಿತು. ಯಂತ್ರವನ್ನು ಹೊರಡಿಸುವಾಗ ಆ ಹೆಸರನ್ನು ಹೇಳಿದವರಿಗೆ ಮಾತ್ರ ಸಾಧನವು ಲಭ್ಯ. ಹೇಳದವರ ಪಾಲಿಗೆ ಅದು ಇಲ್ಲವೇ ಇಲ್ಲ.

ಕ್ಯೂಎಮುವಿನಲ್ಲಿ ಐಎಸ್‌ಎ ಡಿಬಗ್ ಎಕ್ಸಿಟ್ ಎಂಬ ಇಂತಹದೊಂದು ಸಾಧನವಿದೆ. ಅದಕ್ಕೆ ತಿಳಿದಿರುವುದು ಒಂದೇ ವಿದ್ಯೆ. ಅದರ ದ್ವಾರಕ್ಕೆ ಒಂದು ಸಂಖ್ಯೆಯನ್ನು ಬರೆದೊಡನೆ ಇಡೀ ಅನುಕರಣಯಂತ್ರವೇ ನಿಂತು, ಆ ಸಂಖ್ಯೆಯ ಎರಡರಷ್ಟಕ್ಕೆ ಒಂದನ್ನು ಕೂಡಿಸಿ ಹೊರಯಂತ್ರಕ್ಕೆ ಒಪ್ಪಿಸುತ್ತದೆ. ಸೊನ್ನೆ ಬರೆದರೆ ೧, ಒಂದು ಬರೆದರೆ ೩, ಹದಿನಾರು ಬರೆದರೆ ೩೩. ಹೀಗೇಕೆ ಸುತ್ತುಬಳಸು ಲೆಕ್ಕವೆಂದು ನೀವು ಕೇಳಬಹುದು. ಉತ್ತರವು ಬೆಸಸಂಖ್ಯೆಯ ಗುಣದಲ್ಲಿದೆ: ಈ ಸಾಧನದಿಂದ ಸೊನ್ನೆಯು ಎಂದಿಗೂ ಹೊರಬರದು. ಅನುಕರಣಯಂತ್ರವು ಬೇರಾವುದೋ ಕಾರಣದಿಂದ ಸಹಜವಾಗಿ ಮುಚ್ಚಿಕೊಂಡರೆ ಸೊನ್ನೆಯನ್ನು ಒಪ್ಪಿಸುವುದುಂಟು. ಅದನ್ನು ಯಾರೂ ತೇರ್ಗಡೆಯೆಂದು ಭ್ರಮಿಸುವಂತಿಲ್ಲ. ತೇರ್ಗಡೆಗೆ ೩೩ ಎಂದು ಮೊದಲೇ ಒಪ್ಪಂದ ಮಾಡಿಕೊಂಡರೆ, ೩೩ ಬಂದಾಗ ಮಾತ್ರ ತೇರ್ಗಡೆ. ನಿಗದಿಯಾದ ಕಾಲದೊಳಗೆ ಏನೂ ಬಾರದಿದ್ದರೆ ಅದೂ ಅನುತ್ತೀರ್ಣವೇ. ಮೌನವನ್ನು ಸಮ್ಮತಿಯೆಂದು ಎಣಿಸುವ ನ್ಯಾಯ ಇಲ್ಲಿ ಸಲ್ಲದು.

ಇಲ್ಲಿ ಮತ್ತೊಂದು ಸೂಕ್ಷ್ಮವುಂಟು. ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಹೀಗೆ ಒಪ್ಪಿಸಿದ ಸಂಖ್ಯೆಯನ್ನು ೨೫೬ರಿಂದ ಭಾಗಿಸಿ ಉಳಿದ ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು ವಾಡಿಕೆ. ತಪ್ಪುಗಳ ಸಂಖ್ಯೆಯನ್ನೇ ಒಪ್ಪಿಸುವ ಒಂದು ಕ್ರಮವಿಧಿಯಿದೆಯೆನ್ನಿ. ಅದರಲ್ಲಿ ಸರಿಯಾಗಿ ೨೫೬ ತಪ್ಪುಗಳು ಕಂಡುಬಂದರೆ ಶೇಷವು ಸೊನ್ನೆ. ಸರ್ವವೂ ಕ್ಷೇಮವೆಂದು ವರದಿ! ಇದನ್ನು ಹಾಸ್ಯವೆಂದು ತಳ್ಳಿಹಾಕುವಂತಿಲ್ಲ. ಕೆನಡಾದಲ್ಲಿ ತಯಾರಾದ ಥೆರಾಕ್ ೨೫ ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣಯಂತ್ರವು ೧೯೮೫ರಿಂದ ೧೯೮೭ರವರೆಗೆ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಸುರಿಯಿತು. ಅವರಲ್ಲಿ ಕೆಲವರು ಮೃತಪಟ್ಟರು. ೧೯೮೭ರ ಜನವರಿಯಲ್ಲಿ ಅಮೆರಿಕದ ಯಾಕಿಮಾ ಎಂಬಲ್ಲಿ ನಡೆದ ಅಪಘಾತಕ್ಕೆ ಕಾರಣವಾದದ್ದು ಇದೇ ಶೇಷದ ಲೆಕ್ಕ. ಒಂದು ಚಿಕ್ಕ ಎಣಿಕೆಯ ಸಂಖ್ಯೆಯು ಸೊನ್ನೆಯಲ್ಲದಿದ್ದರೆ ಯಂತ್ರದ ಭಾಗಗಳು ಸ್ವಸ್ಥಾನದಲ್ಲಿವೆಯೇ ಎಂದು ಪರೀಕ್ಷಿಸಬೇಕೆಂಬುದು ನಿಯಮ. ಆ ಸಂಖ್ಯೆಗೆ ಪ್ರತಿ ಸುತ್ತಿನಲ್ಲೂ ಒಂದನ್ನು ಕೂಡಿಸುತ್ತಿದ್ದರು. ೨೫೬ನೆಯ ಸುತ್ತಿಗೆ ಅದು ಸೊನ್ನೆಯಾಯಿತು, ಪರೀಕ್ಷೆ ತಪ್ಪಿಹೋಯಿತು. ಅದೇ ಕ್ಷಣದಲ್ಲಿ ಗುಂಡಿಯನ್ನು ಒತ್ತಿದ್ದೇ ಅನರ್ಥಕ್ಕೆ ಮೂಲ. ಕ್ಷಣಮಾತ್ರ ತೆರೆದು ಮುಚ್ಚುವ ಇಂತಹ ಬಾಗಿಲನ್ನು ನಿಜಯಂತ್ರದ ಮುಂದೆ ಕಾದು ಹಿಡಿಯುವುದು ಬಹು ಕಷ್ಟ.

ಆದುದರಿಂದ, ಫಲಿತಾಂಶವನ್ನು ಹೊರಗೆ ಸಾಗಿಸುವುದಲ್ಲದೆ, ಬೇಕಾದ ಸಂದರ್ಭವನ್ನು ಬೇಕಾದ ಹೊತ್ತಿಗೆ ಒದಗಿಸುವ ಸಾಧನಗಳೂ ಅವಶ್ಯಕ. ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಪಾಠಗಳಿಗೆಂದು ಎಡು ಎಂಬ ಸಾಧನವೊಂದನ್ನು ರಚಿಸಿ ಕ್ಯೂಎಮುವಿನಲ್ಲಿ ಸೇರಿಸಿದ್ದಾರೆ. ಸಾಧನವನ್ನು ನಡೆಸುವ ಡ್ರೈವರ್ ಎಂಬ ಚಾಲಕ ಕ್ರಮವಿಧಿಯನ್ನು ಬರೆಯುವುದು ವಿದ್ಯಾರ್ಥಿಗಳ ಕೆಲಸ. ಅದರ ೪ನೆಯ ವಿಳಾಸಕ್ಕೆ ಒಂದು ಸಂಖ್ಯೆಯನ್ನು ಬರೆದು ಮರಳಿ ಓದಿದರೆ ಸೊನ್ನೆಗಳೆಲ್ಲ ಒಂದಾಗಿ, ಒಂದುಗಳೆಲ್ಲ ಸೊನ್ನೆಯಾಗಿ ಬರುತ್ತವೆ. ಸಾಧನಕ್ಕೆ ಜೀವವಿದೆಯೆಂಬುದಕ್ಕೆ ಅದೇ ಗುರುತು. ೯೬ನೆಯ ವಿಳಾಸಕ್ಕೆ ಬರೆದರೆ, ನಾವು ಬಯಸಿದ ಘಳಿಗೆಯಲ್ಲಿಯೇ ಸಂಸ್ಕಾರಕದ ಕೆಲಸವನ್ನು ತಡೆದು ಕರೆಯುವ ಸಂಕೇತವು ಹುಟ್ಟುತ್ತದೆ. ೮ನೆಯ ವಿಳಾಸಕ್ಕೆ ಒಂದು ಸಂಖ್ಯೆಯನ್ನು ಕೊಟ್ಟರೆ ಸಾಧನವು ಅದರ ಕ್ರಮಗುಣಿತವನ್ನು, ಅಂದರೆ ಒಂದರಿಂದ ಅಲ್ಲಿಯವರೆಗಿನ ಸಂಖ್ಯೆಗಳ ಗುಣಲಬ್ಧವನ್ನು, ಕಂಡುಹಿಡಿಯುತ್ತದೆ.

ಈ ಕೊನೆಯದೇ ನಮಗೆ ಬಹು ಪ್ರಿಯವಾದದ್ದು. ಗುಣಿಸಲು ಸಾಧನಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಲಸ ನಡೆಯುತ್ತಿದೆಯೇ ಎಂಬ ಸ್ಥಿತಿಯನ್ನು ೩೨ನೆಯ ವಿಳಾಸದಲ್ಲಿ ನೋಡಿ, ಮುಗಿದ ಮೇಲೆಯೇ ಉತ್ತರವನ್ನು ಓದಬೇಕು. ಅವಸರದ ಚಾಲಕನು ಕಾಯದೆ ಓದಿದರೆ, ತಾನು ಕೊಟ್ಟ ಸಂಖ್ಯೆಯೇ ತನಗೆ ಮರಳಿ ಬಂದೀತು. ೫ ಕೊಟ್ಟು ಓದಿದಾಗ ೧೨೦ರ ಬದಲು ೫ ಬಂದರೆ ತಪ್ಪು ಸಿಕ್ಕಿಬಿದ್ದಂತೆ. ಆದರೆ ಪರೀಕ್ಷೆ ಬರೆದವನು ೨ನ್ನು ಆರಿಸಿದ್ದರೆ? ಎರಡರ ಕ್ರಮಗುಣಿತವೂ ಎರಡೇ. ಕಾದವನಿಗೂ ೨, ಕಾಯದವನಿಗೂ ೨. ತಪ್ಪಾದ ಚಾಲಕನೂ ಪ್ರತಿದಿನ ತೇರ್ಗಡೆಯಾಗುತ್ತಾನೆ. ಇದು ಬರಿದಾದ ತಟ್ಟೆಗಳ ತಕ್ಕಡಿಯೇ. ೧ಕ್ಕೂ ಇದೇ ದೋಷ. ಹಾಗೆಂದು ತೀರ ದೊಡ್ಡ ಸಂಖ್ಯೆಯೂ ಆಗದು. ಉತ್ತರಕ್ಕೆ ಇರುವ ಸ್ಥಳ ೩೨ ಬಿಟ್ಟುಗಳದು. ೪೨೯,೪೯,೬೭,೨೯೬ ಮತ್ತು ಅದಕ್ಕೆ ಮೀರಿದ ಸಂಖ್ಯೆಗಳು ಅದರಲ್ಲಿ ಹಿಡಿಯವು. ಹನ್ನೆರಡರ ಕ್ರಮಗುಣಿತವಾದ ೪೭,೯೦,೦೧,೬೦೦ ಸುಖವಾಗಿ ಹಿಡಿಯುತ್ತದೆ. ಹದಿಮೂರರದು ೬೨೨,೭೦,೨೦,೮೦೦, ಸಾಧನವು ಮಾತ್ರ ೧೯೩,೨೦,೫೩,೫೦೪ ಎನ್ನುತ್ತದೆ. ಏಳನೆಯ ತರಗತಿಯವರು ವ್ಯವಕಲನ ಮಾಡಿ, ಈ ಸಂಖ್ಯೆ ಎಲ್ಲಿಂದ ಬಂತೆಂದು ನೋಡಲಿ. ಮೇಲಿನ ತರಗತಿಯವರಿಗೆ ಇನ್ನೊಂದು ಪ್ರಶ್ನೆ: ನಿರ್ಗಮನದ ಸಾಧನಕ್ಕೆ ೧೬ ಅಲ್ಲದೆ ೨೫೬ಕ್ಕಿಂತ ಕಡಿಮೆಯಾದ ಇನ್ನಾವ ಸಂಖ್ಯೆಯನ್ನು ಬರೆದರೂ ಹೊರಗೆ ೩೩ ಎಂದೇ ಕಾಣುತ್ತದೆ?

ಕಲ್ಪಿತ ಸಾಧನವು ತನ್ನನ್ನು ರಚಿಸಿದವನು ಊಹಿಸಿದ ತಪ್ಪುಗಳನ್ನು ಮಾತ್ರ ಆಡಿ ತೋರಿಸಬಲ್ಲುದು. ಸೆಕೆಗೆ ಕಾದ ತಂತಿಯ ಹಠವನ್ನಾಗಲಿ ಸಡಿಲವಾದ ಬೆಸುಗೆಯನ್ನಾಗಲಿ ಅದು ಕಾಣದು. ಆದುದರಿಂದ ಅಲ್ಲಿ ತೇರ್ಗಡೆಯಾದ ಚಾಲಕನನ್ನು ನಿಜಯಂತ್ರದ ಮೇಲೂ ನಡೆಸಿ ನೋಡುತ್ತಾರೆ. ಆಗ ನಿರ್ಗಮನದ ದ್ವಾರವು ಅಲ್ಲಿರುವುದಿಲ್ಲ. ಅದಕ್ಕೆ ಬರೆದ ಸಂಖ್ಯೆಯು ಯಾರಿಗೂ ಮುಟ್ಟದೆ, ಸಂಸ್ಕಾರಕವು ಮುಂದಿನ ಆಜ್ಞೆಗೆ ನಡೆದುಬಿಡುತ್ತದೆ. ಆದಕಾರಣ ಬಲ್ಲವರು ಆ ಬರಹದ ಮುಂದಿನ ಸಾಲಿನಲ್ಲಿಯೇ, ಇನ್ನು ಮುಂದೆ ಹೋಗದೆ ಇಲ್ಲಿಯೇ ನಿಲ್ಲು ಎಂಬ ಆಜ್ಞೆಯನ್ನೂ ಸೇರಿಸಿರುತ್ತಾರೆ.